ಒಂದೇ ಕಂಪ್ಯೂಟರ್, ಎರಡು ಓಎಸ್: ಪಾರ್ಟಿಶನ್ನೋ, ವಿಎಂ ಸಾಕೋ, ಇನ್ನೊಂದು ಡಿಸ್ಕೇ ಬೇಕೋ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಡೆಸ್ಕ್‌ಟಾಪ್ ಇರುವುದು ಒಂದೇ. ಅಪ್ಪಯ್ಯನಿಗೆ ಅಡಿಕೆ ಲೆಕ್ಕ ಟ್ಯಾಲಿಯಲ್ಲೇ ಆಗಬೇಕು, ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕನ್ನಡ ಫೈಲುಗಳೂ ತೆರೆಯಬೇಕು. ಹಾಗಾಗಿ ವಿಂಡೋಸ್ ಬಿಡುವ ಹಾಗಿಲ್ಲ. ಆದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮದು ಇಂಟೆಲ್ 6ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11ರ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ. ಬ್ಯಾಂಕು, ಮೇಲ್, ಇಂಟರ್ನೆಟ್ ಎಲ್ಲ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್‌ನಲ್ಲಿ (ಓಎಸ್ ಅಂದರೆ ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ), ಲೆಕ್ಕ ಮಾತ್ರ ವಿಂಡೋಸ್‌ನಲ್ಲಿ ಅಂತ ಮಾಡಿಕೊಳ್ಳಲು ಹೊರಟೆ. ಮೂರು ದಾರಿಯನ್ನೂ ಇದೇ ಮಷೀನಿನಲ್ಲಿ ಮಾಡಿ ನೋಡಿದ್ದೇನೆ.

ಮೊದಲು ವಿಎಂ (ವರ್ಚುವಲ್ ಮಷೀನ್), ಅಂದರೆ ಒಂದು ಓಎಸ್ ಒಳಗೇ ಪ್ರೋಗ್ರಾಮಿನಂತೆ ಓಡುವ ಇನ್ನೊಂದು ಕಂಪ್ಯೂಟರ್. ವಿಂಡೋಸ್ ಒಳಗೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿ, ಅದರೊಳಗೆ ಮಿಂಟ್. ಬಯೋಸ್‌ನಲ್ಲಿ (ಓಎಸ್‌ಗೂ ಮೊದಲು ಬರುವ ಮದರ್‌ಬೋರ್ಡಿನ ಸೆಟ್ಟಿಂಗ್) ವರ್ಚುವಲೈಸೇಶನ್ ಆನ್ ಮಾಡಬೇಕು, ಅಷ್ಟು ಬಿಟ್ಟರೆ ಹೆದರುವಂಥದ್ದು ಏನೂ ಇಲ್ಲ. ಹಾಳಾದರೆ ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ (ಆ ಹೊತ್ತಿನ ಸ್ಥಿತಿಯ ಪ್ರತಿಗೆ) ಹಿಂದೆ ಹೋದರಾಯಿತು. ಲಿನಕ್ಸ್ ಹೇಗಿರುತ್ತದೆ ಅಂತ ಸುಮ್ನೆ ನೋಡುವವರಿಗೆ ಇದೇ ಸರಿ. ಕನ್ನಡ ಕೀಬೋರ್ಡಿನಲ್ಲಿ ಕಗಪ ವಿನ್ಯಾಸ ಇದೆಯಾ ಎಂದು ನಾನು ನೋಡಿಕೊಂಡಿದ್ದೂ ಇಲ್ಲೇ. ಇದೆ, ನುಡಿಯಲ್ಲಿ ಕಲಿತ ಬೆರಳಿಗೆ ಹೊಸದೇನೂ ಕಲಿಯಬೇಕಿಲ್ಲ.

ಆದರೆ ನಮ್ಮದು 8 ಜಿಬಿ ರ‍್ಯಾಮ್. ಅರ್ಧ ವಿಎಂಗೆ ಕೊಟ್ಟರೆ ಎರಡೂ ಕಡೆ ತೆವಳುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಒಳಗಿನ ಮಿಂಟ್ ನೆಟ್‌ಗೆ ಹೋಗುವುದು ಹೊರಗಿನ ಹಳೇ ವಿಂಡೋಸ್ ಮೂಲಕವೇ. ಬೆಂಬಲ ಮುಗಿದ ವಿಂಡೋಸನ್ನು ನೆಟ್‌ನಿಂದ ದೂರ ಇಡೋಣ ಅಂತ ಹೊರಟವನಿಗೆ ಇದರಿಂದ ಏನು ಬಂತು? ತಿರುಗಿಸಿ, ಮಿಂಟ್ ಒಳಗೆ ವಿಂಡೋಸ್ ಇಡಬಹುದು. ಆಗ ಆಕ್ಟಿವೇಶನ್, ಪ್ರಿಂಟರ್ ಎಲ್ಲದಕ್ಕೂ ಮತ್ತೆ ಗುದ್ದಾಡಬೇಕು. 16 ಜಿಬಿ ಇದ್ದವರು ಯೋಚಿಸಬಹುದು.

ಎರಡನೆಯದು ಎಲ್ಲರೂ ಹೇಳುವ ದಾರಿ, ಇದ್ದ ಡಿಸ್ಕನ್ನೇ ಪಾಲು (ಪಾರ್ಟಿಶನ್) ಮಾಡಿ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಮಿಂಟ್ ಇಡುವುದು. ಖರ್ಚಿಲ್ಲ, ಎರಡೂ ಪೂರ್ತಿ ವೇಗದಲ್ಲಿ ಓಡುತ್ತವೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬೇಡಿ. ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಪಾರ್ಟಿಶನ್ ಕಿರಿದಾಗುತ್ತಿರುವ ಹೊತ್ತಿಗೇ ಹೋದರೆ ಲೆಕ್ಕದ ಫೈಲುಗಳಿಗೂ ಕುತ್ತು. ನಾನು ಬೇಸಿಗೆಯಲ್ಲಿ, ಯುಪಿಎಸ್ ಇಟ್ಟುಕೊಂಡು, ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ಹಾಕಿಕೊಂಡೇ ಮಾಡಿದೆ. ಕಿರಿದು ಮಾಡುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡುವುದು ಒಳ್ಳೆಯದು. ಖಾಲಿ ಜಾಗ ಬೇಕಾದಷ್ಟಿದ್ದರೂ ಸ್ವಲ್ಪವೇ ಬಿಟ್ಟುಕೊಡುತ್ತದೆ ಒಮ್ಮೊಮ್ಮೆ. ವಿಂಡೋಸ್ ತನಗಾಗಿ ಇಟ್ಟುಕೊಂಡ ಪೇಜ್ ಫೈಲ್, ಹೈಬರ್ನೇಶನ್ ಫೈಲ್ ಜಾಗ ಬಿಟ್ಟು ಕದಲುವುದಿಲ್ಲ, ಅದೇ ಕಾರಣ. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿದರೆ ಬಿಡುತ್ತದೆ. ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಏನನ್ನೂ ಮುಟ್ಟಬೇಡಿ.

ಹಾಕಿದ ಮೇಲಿನ ಕಿರಿಕಿರಿ ಗ್ರಬ್ ಮೆನುವಿನದು, ಆನ್ ಮಾಡಿದಾಗ ಯಾವ ಓಎಸ್ ಬೇಕು ಎಂದು ಕೇಳುವ ಪರದೆ ಅದು. ಕಂಪ್ಯೂಟರ್ ಆನ್ ಮಾಡಿದ ಅಪ್ಪಯ್ಯ, "ಎಂತದ ಮಾರಾಯ ಇದು, ಕಪ್ಪು ಸ್ಕ್ರೀನ್ ಬಂತಲ್ಲ, ಹಾಳಾಯ್ತಾ?" ಎಂದು ಕೂಗಿದರು. ಅವರು ಏನೂ ಒತ್ತದೆ ಬಿಟ್ಟರೆ ಮಿಂಟ್ ತೆರೆದುಕೊಳ್ಳುತ್ತದೆ, ಅಲ್ಲಿ ಟ್ಯಾಲಿ ಹುಡುಕುತ್ತಾರೆ. ಕೊನೆಗೆ ಆರಿಸಿದ್ದನ್ನೇ ನೆನಪಿಟ್ಟುಕೊಳ್ಳುವಂತೆ ಗ್ರಬ್ ಸೆಟ್ಟಿಂಗ್ ಬದಲಿಸಬಹುದು. ಆದರೆ ದೊಡ್ಡ ಅಪ್‌ಡೇಟ್ ಆದ ಮೇಲೆ ವಿಂಡೋಸ್ ತಾನೇ ಮೊದಲು ಬಂದು ಕೂರುವುದೂ ಉಂಟು. ಗ್ರಬ್ ಅಳಿಸಿಹೋಗಿರುವುದಿಲ್ಲ, ಬೂಟ್ ಕ್ರಮ ಬದಲಾಗಿರುತ್ತದೆ ಅಷ್ಟೇ. ಬಯೋಸ್‌ಗೆ ಹೋಗಿ ಸರಿಮಾಡಬೇಕು. ನಾನು ಮನೆಯಲ್ಲಿ ಇಲ್ಲದಾಗ ಅದನ್ನು ಯಾರು ಮಾಡುತ್ತಾರೆ?

ಈಗ ಇರುವುದು ಮೂರನೆಯ ವ್ಯವಸ್ಥೆ, ಮಿಂಟ್‌ಗೇ ಬೇರೆ ಡಿಸ್ಕ್. ಶಿವಮೊಗ್ಗದ ದುರ್ಗಿಗುಡಿ ಕಡೆ ಒಂದು ಅಂಗಡಿಯಲ್ಲಿ 240 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆ. ಜೊತೆಗೆ ಸಾಟಾ ಕೇಬಲ್ಲನ್ನೂ ಕೇಳಿ ತನ್ನಿ, ಡಬ್ಬಿಯೊಳಗೆ ಸಾಮಾನ್ಯವಾಗಿ ಇರುವುದಿಲ್ಲ. ಮಿಂಟ್ ಫೈಲೇ 3 ಜಿಬಿ ಹತ್ತಿರ, ಅದನ್ನೂ ಪೇಟೆಯಲ್ಲೇ ಇಳಿಸಿಕೊಂಡೆ. ಇಲ್ಲಿನ ನೆಟ್‌ನಲ್ಲಿ ಕಾಯುತ್ತಾ ಕೂತರೆ ರಾತ್ರಿಯಾಗುತ್ತದೆ.

ಹಾಕುವಾಗ ವಿಂಡೋಸ್ ಇರುವ ಡಿಸ್ಕಿನ ಕೇಬಲ್ ಕಿತ್ತಿಡಿ. ಕೆಲವು ಇನ್‌ಸ್ಟಾಲರ್‌ಗಳು ಲಿನಕ್ಸನ್ನು ಹೊಸ ಡಿಸ್ಕಿಗೆ ಹಾಕಿ, ಬೂಟ್‌ಲೋಡರನ್ನು (ಓಎಸ್ ಎಬ್ಬಿಸುವ ಪುಟ್ಟ ಪ್ರೋಗ್ರಾಮು, ಗ್ರಬ್ ಅಂಥದ್ದೇ) ಮಾತ್ರ ಹಳೇ ಡಿಸ್ಕಿನಲ್ಲಿ ಅದಕ್ಕೆಂದೇ ಇರುವ ಇಎಫ್‌ಐ ಪಾರ್ಟಿಶನ್‌ಗೆ ತುರುಕುತ್ತವೆ. ಆಮೇಲೆ ಹಳೇ ಡಿಸ್ಕ್ ತೆಗೆದರೆ ಲಿನಕ್ಸೂ ಏಳುವುದಿಲ್ಲ. ಕೇಬಲ್ ಕಿತ್ತಿಟ್ಟರೆ ಆ ಗೋಜಿಲ್ಲ. ಬಯೋಸ್‌ನಲ್ಲಿ ವಿಂಡೋಸ್ ಡಿಸ್ಕನ್ನೇ ಮೊದಲಿಗೆ ಇಟ್ಟಿದ್ದೇನೆ. ಅಪ್ಪಯ್ಯ ಸ್ವಿಚ್ ಹಾಕಿದರೆ ನೇರ ವಿಂಡೋಸ್, ಮೆನು ಇಲ್ಲ. ನನಗೆ ಮಿಂಟ್ ಬೇಕಾದರೆ ಆನ್ ಆಗುವಾಗ ಬೂಟ್ ಮೆನು ಕೀ ಒತ್ತುತ್ತೇನೆ. ಕಂಪನಿಯ ಮೇಲೆ ಎಫ್8, ಎಫ್11 ಅಥವಾ ಎಫ್12 ಇರುತ್ತದೆ. ಒಂದು ಡಿಸ್ಕ್ ಸತ್ತರೂ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ. ಮನೆಮಂದಿಯೆಲ್ಲ ಬಳಸುವ ಡೆಸ್ಕ್‌ಟಾಪ್‌ಗೆ ನಾನು ಇದನ್ನೇ ಹೇಳುವುದು, ದುಡ್ಡು ಖರ್ಚಾದರೂ ಸರಿ.

ಎರಡು ಕಾಟ ಮಾತ್ರ ಇದರಲ್ಲೂ ತಪ್ಪಲಿಲ್ಲ, ಪಾರ್ಟಿಶನ್‌ನಲ್ಲೂ ಇದ್ದವೇ. ಒಂದು, ಗಡಿಯಾರ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಹಾಗಾಗಿ ಮಿಂಟ್ ಬಳಸಿ ವಿಂಡೋಸ್‌ಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದೆ. ನೆಟ್ ಇದ್ದವರಿಗೆ ತಾನಾಗೇ ಸರಿಹೋಗಬಹುದು, ನೆಟ್ ಕಿತ್ತಿಟ್ಟ ನಮ್ಮ ವಿಂಡೋಸ್‌ನಲ್ಲಿ ಹಾಗೇ ಉಳಿಯುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ (timedatectl) ಆಜ್ಞೆ ಬಳಸಿ ಸ್ಥಳೀಯ ಸಮಯವನ್ನೇ ಇಡುವಂತೆ ಹೇಳಿದರೆ ಮುಗಿಯಿತು. ಇನ್ನೊಂದು, ವಿಂಡೋಸ್ ಬೇಗ ಏಳಲೆಂದು ಇರುವ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಮಿಂಟ್‌ನಿಂದ ಅದರ ಫೈಲು ಓದಬಹುದು, ಬರೆಯಲಾಗದು. ಆಫ್ ಮಾಡಿಬಿಡಿ.

ಲ್ಯಾಪ್‌ಟಾಪ್ ಇರುವವರು ಹಿಂದಿನ ಮುಚ್ಚಳ ತೆಗೆಸಿ ಖಾಲಿ ಎಂ.2 ಸ್ಲಾಟ್ (ಪುಟ್ಟ ಎಸ್‌ಎಸ್‌ಡಿ ಕೂರುವ ಜಾಗ) ಇದೆಯಾ ನೋಡಿ. ಇಲ್ಲದಿದ್ದರೆ ಯುಎಸ್‌ಬಿ ಎಸ್‌ಎಸ್‌ಡಿಗೇ ಲಿನಕ್ಸ್ ಹಾಕಬಹುದು, ಮಿಂಟ್ ಅದರಿಂದಲೂ ಏಳುತ್ತದೆ. ಅದೂ ಬೇಡ ಅಂದರೆ ಪಾರ್ಟಿಶನ್ನೇ ಗತಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುವುದರಿಂದ ಕರೆಂಟಿನ ಭಯ ಅಷ್ಟಿಲ್ಲ.