ರಿಂಗ್ ಕೆಲಸ, ಗುಜರಿಯ ಹಾಫ್ ಎಂಜಿನ್, ಪೂರ್ತಿ ಬೋರ್: ನನ್ನ ಎರಡು 407ಗಳ ಲೆಕ್ಕ

ನನ್ನ ಹತ್ತಿರ ಟಾಟಾ ಕಂಪನಿಯ ಎರಡು 407 ಇವೆ, ಸರಕು ಸಾಗಿಸುವ ಚಿಕ್ಕ ಲಾರಿಗಳು. ಎರಡೂ ಕಾಮನ್ ರೈಲ್ ಬರುವುದಕ್ಕೆ ಮುಂಚಿನವು, ಮೆಕ್ಯಾನಿಕಲ್ ಡೀಸಲ್ ಪಂಪಿನ ಗಾಡಿಗಳು. ಎಂಜಿನ್ ಎರಡಕ್ಕೂ 497. ಹೆಸರಿನಲ್ಲೇ ಅದರ ಅಳತೆ ಇದೆ, ನಾಲ್ಕು ಸಿಲಿಂಡರ್, 97 ಮಿಲಿಮೀಟರ್ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಆಡುವ ದೂರ, 100 ಮಿ.ಮೀ., ಒಟ್ಟು 2956 ಸಿಸಿ. ಒಂದು ಗಾಡಿಯನ್ನು ನಾನು ಓಡಿಸುತ್ತೇನೆ, ಇನ್ನೊಂದನ್ನು ನನ್ನ ತಮ್ಮ. ಬ್ಯಾಡಗಿಯಿಂದ ಮೆಣಸಿನಕಾಯಿ, ಗದಗಿನ ಕಡೆಯಿಂದ ಉಳ್ಳಾಗಡ್ಡಿ, ಅಂಕೋಲೆಯಿಂದ ತೆಂಗಿನಕಾಯಿ, ಹುಬ್ಬಳ್ಳಿಯಿಂದ ಎಲ್ಲಿಗೆ ಬಾಡಿಗೆ ಸಿಕ್ಕರೆ ಅಲ್ಲಿಗೆ. ಈ ಎರಡು ಗಾಡಿಗಳ ಮೇಲೆ ಮೂರು ಥರದ ಎಂಜಿನ್ ಕೆಲಸ ಮಾಡಿಸಿದ್ದೇನೆ. ಎಂಜಿನ್ ಒಂದೇ ನಮೂನೆ, ರೋಡೂ ಅವೇ. ಹಾಗಾಗಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದಕ್ಕೂ ಅನ್ಯಾಯ ಆಗುವುದಿಲ್ಲ.

ಮೊದಲು ಕೆಟ್ಟದ್ದು ಹಳೇ ಗಾಡಿ, 2018ರಲ್ಲಿ. ಅಂಕೋಲೆಯಿಂದ ವಾಪಸು ಬರುವಾಗ ಅರಬೈಲ್ ಘಾಟಿನಲ್ಲಿ ಎರಡನೇ ಗೇರಿನಲ್ಲೂ ಜಗ್ಗಲಿಲ್ಲ, ಮೊದಲನೇ ಗೇರಿನಲ್ಲೇ ತೆವಳಿಕೊಂಡು ಯಲ್ಲಾಪುರ ಮುಟ್ಟಿದೆ. ಮುನ್ನೂರು ಕಿಲೋಮೀಟರಿಗೆ ಒಂದು ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತಿತ್ತು. ಹೊಗೆ ನೀಲಿ. ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಿಂದ ಬುಸುಬುಸು ಗಾಳಿ ಬರುತ್ತಿತ್ತು. ನಮ್ಮ ಕಡೆ ಇದಕ್ಕೆ ಬ್ಯಾಕ್ ಕಂಪ್ರೆಶನ್ ಅಂತಾರೆ.

"ಅಣ್ಣಾರ, ರಿಂಗ್, ಬೇರಿಂಗ್ ಹಾಕಿ ಕಟ್ಟಿಬಿಡ್ತೀನ್ರಿ. ಮೂರ್ ದಿನದಾಗ ಗಾಡಿ ಒಯ್ರಿ" ಎಂದ ಗ್ಯಾರೇಜಿನವನು. ಕೈಯಲ್ಲಿ ಇಪ್ಪತ್ತು ಸಾವಿರ ಇತ್ತು, ಬಾಡಿಗೆ ತಪ್ಪುತ್ತಿತ್ತು, ಹ್ಞೂಂ ಅಂದೆ. ಎಂಜಿನ್ ಇಳಿಸದೆ, ಮೇಲಿನ ಹೆಡ್ ಮತ್ತು ಕೆಳಗಿನ ಚೇಂಬರ್ (ಆಯಿಲ್ ನಿಲ್ಲುವ ತೊಟ್ಟಿ) ಬಿಚ್ಚಿ ಪಿಸ್ಟನ್ ಹೊರಗೆ ತೆಗೆದು, ಹೊಸ ರಿಂಗ್ ಸೆಟ್ (ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು ಮುಚ್ಚುವ ಬಳೆಗಳು), ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನ ಬಿಗೆಂಡ್ ಬೇರಿಂಗ್, ಹೆಡ್ ಗ್ಯಾಸ್ಕೆಟ್ ಹಾಕಿ ಕಟ್ಟಿದ. ಒಟ್ಟು 19,400 ರೂಪಾಯಿ. ಮೊದಲ ಎರಡು ತಿಂಗಳು ಗಾಡಿ ಹೊಸದರ ಹಾಗೆ ಓಡಿತು. ಎಂಟನೇ ತಿಂಗಳಿಗೆ, 16,000 ಕಿ.ಮೀ. ಆಗುವಷ್ಟರಲ್ಲಿ, ಮತ್ತೆ ಅದೇ ಬುಸುಬುಸು.

ಎರಡನೇ ಸಲ ಬಿಚ್ಚಿದಾಗ ಮೂರನೇ ಸಿಲಿಂಡರಿನ ಮೇಲಿನ ರಿಂಗ್ ಎರಡು ತುಂಡಾಗಿತ್ತು. ಆಗ ನಾನೇ ಬೋರಿನೊಳಗೆ ಬೆರಳು ಇಳಿಸಿ ನೋಡಿದೆ. ಅಂಚಿನಿಂದ ಸ್ವಲ್ಪ ಕೆಳಗೆ ಉಗುರಿಗೆ ಟಕ್ ಅಂತ ಒಂದು ಮೆಟ್ಟಿಲು ಸಿಗುತ್ತದೆ. ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗ ಅದು. ಲೈನರ್, ಅಂದರೆ ಬೋರಿನ ಒಳಗೋಡೆಯಾಗಿ ಕೂರಿಸಿದ ಕೊಳವೆ, ಎಲ್ಲಕ್ಕಿಂತ ಹೆಚ್ಚು ಸವೆಯುವುದು ಅಲ್ಲೇ, ಅದರ ಮೇಲೆ ರಿಂಗ್ ಹಾಯದ ಕಡೆ ಹಳೇ ಅಳತೆ ಹಾಗೇ ಉಳಿದಿರುತ್ತದೆ. ಹಳೇ ರಿಂಗ್ ತಾನೂ ಸವೆದು ಆ ಮೆಟ್ಟಿಲಿಗೆ ಹೊಂದಿಕೊಂಡಿತ್ತು. ಹೊಸ ರಿಂಗಿನ ಚೂಪು ಅಂಚು ಹೋಗಿ ಅದಕ್ಕೇ ಬಡಿಯಿತು.

ಇನ್ನೊಂದು ಲೆಕ್ಕ ಯಾರೂ ಹೇಳಿರಲಿಲ್ಲ, ಕಾಗದದ ಮೇಲೆ ನಾನೇ ಹಾಕಿದೆ. ಬೋರ್ ಗೇಜ್ ಇಟ್ಟಾಗ 97.32 ಬಂತು, ಅಂದರೆ 0.32 ಮಿ.ಮೀ. ಸವೆತ. ಸುತ್ತಳತೆ ಅದರ ಮೂರು ಪಟ್ಟಿಗಿಂತ ತುಸು ಜಾಸ್ತಿ, ಒಂದು ಮಿಲಿಮೀಟರ್ ಹಿಗ್ಗಿದ ಹಾಗಾಯಿತು. ಈ ಅಳತೆಯ ರಿಂಗಿಗೆ ಬಾಯಿ ಹತ್ತಿರ, ಅಂದರೆ ಅದರ ಎರಡು ತುದಿಗಳ ನಡುವೆ, ಸುಮಾರು 0.4 ಮಿ.ಮೀ. ಸಂದು ಸಾಕು. ನನ್ನ ಎಂಜಿನ್ನಿನಲ್ಲಿ ಹೊಸ ರಿಂಗ್ ಮೊದಲ ದಿನದಿಂದಲೇ 1.4 ಬಾಯಿ ತೆರೆದುಕೊಂಡಿತ್ತು. ಅಂಥ ಬೋರಿಗೆ ಯಾವ ಕಂಪನಿಯ ರಿಂಗ್ ಹಾಕಿದರೂ ನಿಲ್ಲುವುದಿಲ್ಲ.

ರಿಂಗ್ ಕೆಲಸವೇ ತಪ್ಪು ಅಂತ ನಾನು ಹೇಳುವುದಿಲ್ಲ. ಬೋರ್ ಚೆನ್ನಾಗಿದ್ದು, ಹೀಟ್ ಆಗಿಯೋ ಕಾರ್ಬನ್ ಕಟ್ಟಿಯೋ ರಿಂಗ್ ಹಿಡಿದುಕೊಂಡಿದ್ದರೆ ಅದಕ್ಕಿಂತ ಅಗ್ಗದ ಒಳ್ಳೇ ಕೆಲಸ ಇಲ್ಲ. ಆದರೆ ಅಳತೆ ಹಿಡಿಯದೆ ರಿಂಗ್ ಹಾಕಿಸಬೇಡಿ. ಅಳತೆಗೆ ಅರ್ಧ ತಾಸು ಸಾಕು.

ಎರಡನೇ ದಾರಿ ಗುಜರಿಯ ಹಾಫ್ ಎಂಜಿನ್. ಬ್ಲಾಕ್, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಪ್ಪ ಶಾಫ್ಟ್), ಪಿಸ್ಟನ್ ಎಲ್ಲ ಕೂಡಿದ್ದು. ಹೆಡ್, ಪಂಪ್ ನಮ್ಮದೇ ಹಾಕಿಕೊಳ್ಳಬೇಕು. 2019ರಲ್ಲಿ ಅದೇ ಹಳೇ ಗಾಡಿಗೆ 48,000ಕ್ಕೆ ತಂದೆ, ಇಳಿಸಿ ಏರಿಸುವ ಕೂಲಿ 9,000. ಎರಡೇ ದಿನದಲ್ಲಿ ಗಾಡಿ ರೋಡಿಗೆ ಬಂತು, ಅದೊಂದು ದೊಡ್ಡ ಅನುಕೂಲ. ಬೋರ್ ನಿಜವಾಗಿಯೂ ಚೆನ್ನಾಗಿತ್ತು. ನಾನು ನೋಡದೆ ಬಿಟ್ಟದ್ದು ಕ್ರ್ಯಾಂಕ್.

38,000 ಕಿ.ಮೀ. ಓಡಿದ ಮೇಲೆ ಕುಂದಗೋಳ ದಾಟುವಾಗ ಟಕಟಕ ಶುರುವಾಯಿತು. ಆಕ್ಸಿಲರೇಟರ್ ಬಿಟ್ಟಾಗ ಇನ್ನೂ ಜೋರು. ಬಿಗೆಂಡ್ ಹೊಡೆದಿತ್ತು. ಬಿಚ್ಚಿ ನೋಡಿದರೆ ಕ್ರ್ಯಾಂಕ್ ಆಗಲೇ ಫಾರ್ಟಿ ಸೈಜಿಗೆ ಬಂದು ನಿಂತಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕ್ರ್ಯಾಂಕನ್ನು ಒಂದು ಸಲ ಗ್ರೈಂಡ್ ಮಾಡಿದರೆ 0.25 ಮಿ.ಮೀ. ಇಳಿಯುತ್ತದೆ, ಅದು ಟೆನ್ ಸೈಜ್. ಆಮೇಲೆ ಟ್ವೆಂಟಿ, ಥರ್ಟಿ, 1.00 ಮಿ.ಮೀ. ಇಳಿದರೆ ಫಾರ್ಟಿ. ನನಗೆ ಅದರಿಂದ ಮುಂದಿನ ಸೈಜಿನ ಬೇರಿಂಗ್ ಸಿಗಲಿಲ್ಲ. ಬೇರಿಂಗಿನ ಬೆನ್ನಿನ ಮೇಲೆ ಸೈಜ್ ಹೊಡೆದಿರುತ್ತಾರೆ. ಕೊಳ್ಳುವ ಮುಂಚೆ ಚೇಂಬರ್ ಬಿಚ್ಚಿ ಒಂದು ಬೇರಿಂಗ್ ಕ್ಯಾಪ್ ತೆಗೆದು ನೋಡಿದ್ದರೆ ಆ ಅಂಕಿ ನನ್ನ ಕಣ್ಣಿಗೇ ಬೀಳುತ್ತಿತ್ತು. ಮಾರುವವನು ಬಿಚ್ಚಲು ಬಿಡದಿದ್ದರೆ ಆ ಎಂಜಿನ್ ತರಲೇಬೇಡಿ.

ಕಾಗದದ ಕೆಲಸವನ್ನೂ ಮರೆಯಬಾರದು. ಬ್ಲಾಕ್ ಬದಲಾದರೆ ಎಂಜಿನ್ ನಂಬರ್ ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಬಿಲ್ ಇಲ್ಲದ ಎಂಜಿನ್ ಎಷ್ಟೇ ಅಗ್ಗ ಇರಲಿ, ಕಳವಿನ ಗಾಡಿಯದಾಗಿದ್ದರೆ ನಿಮ್ಮ ಗಾಡಿಯೂ ಹೋಗುತ್ತದೆ.

ಕಂಪನಿಯಿಂದಲೇ ಪ್ರೋಲೈಫ್ ಅಂತ ರೀಕಂಡೀಶನ್ ಎಂಜಿನ್ ಬರುತ್ತದೆ, ಹಳೇದನ್ನು ಕೊಟ್ಟು ತರುವುದು. ನನ್ನ ರೊಕ್ಕ ಅಲ್ಲಿಗೆ ಮುಟ್ಟಲಿಲ್ಲ.

2021ರಲ್ಲಿ ತಮ್ಮನ ಗಾಡಿ ಸುಸ್ತಾದಾಗ ಪೂರ್ತಿ ಬೋರ್ ಕೆಲಸಕ್ಕೇ ಇಳಿದೆವು, ಅಂದರೆ ಹೊಸ ಲೈನರ್, ಹೊಸ ಪಿಸ್ಟನ್ ಹಾಕಿ ಬೋರನ್ನು ಹೊಸದಾಗಿ ಕೊರೆಸುವುದು. ಬ್ಲಾಕನ್ನು ಗೋಕುಲ ರೋಡಿನ ಕಡೆ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿಯ ಹಿರಿಯರು ಬ್ಲಾಕ್ ನೋಡುವ ಮುಂಚೆಯೇ ಕೇಳಿದರು, "ಪಿಸ್ಟನ್ ತಂದಿಯೇನಪಾ? ಪಿಸ್ಟನ್ ಕೈಯಾಗಿಲ್ದ ಬೋರ್ ಹೊಡಿಯಂಗಿಲ್ಲ ನಾ." ಇಲ್ಲ ಕಾಕಾ ಅಂದೆ. ವಾಪಸು ಕಳಿಸಿದರು. ಆಗ ಬೇಜಾರಾಯಿತು, ಆಮೇಲೆ ಅವರ ಮೇಲೆ ಗೌರವ ಹುಟ್ಟಿತು. ಒಂದೇ ಸೆಟ್ಟಿನ ನಾಲ್ಕು ಪಿಸ್ಟನ್ನಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಅವರು ಒಂದೊಂದನ್ನೂ ಮೈಕ್ರೋಮೀಟರಿನಿಂದ ಅಳೆದು, ಪಿಸ್ಟನ್ ಮೇಲೆ ಸಿಲಿಂಡರಿನ ನಂಬರ್ ಬರೆದು, ಅದರದರ ಬೋರನ್ನು ಅದಕ್ಕೇ ತಕ್ಕಂತೆ ಹೊಡೆದರು. ಹೊಸ ಲೈನರ್ ಪ್ರೆಸ್ಸಿನಲ್ಲಿ ಕೂರಿಸಿ, ಬೋರ್ ಮಾಡಿ, ಕಡೆಯ ಚೂರನ್ನು ಹೋನಿಂಗಿಗೆ, ಅಂದರೆ ಕಲ್ಲಿನಿಂದ ಉಜ್ಜಿ ಅಳತೆಗೆ ತರುವುದಕ್ಕೆ, ಬಿಟ್ಟರು. ಹೋನಿಂಗ್ ಆದ ಮೇಲೆ ಒಳಗೆ ಈಚಲು ಚಾಪೆಯ ಹೆಣಿಗೆಯ ಹಾಗೆ ಅಡ್ಡಡ್ಡ ಗೆರೆ ಕಾಣುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಕನ್ನಡಿಯಂತೆ ಹೊಳೆಯುವ ಬೋರ್ ಚೆಂದ ಕಾಣುತ್ತದೆ, ಆದರೆ ರಿಂಗಿಗೆ ಅದು ಒಳ್ಳೇದಲ್ಲ.

ಮನೆಗೆ ತಂದು ಬ್ಲಾಕನ್ನು ಬಿಸಿನೀರು, ಸೋಪಿನ ಪುಡಿ ಹಾಕಿ ಉಜ್ಜಿದೆವು. ಹಳೇ ಬಿಳಿ ಧೋತರದ ತುಂಡಿನಿಂದ ಬೋರ್ ಒರೆಸಿದರೆ ಪ್ರತಿ ಸಲ ಬೂದಿ ಬಣ್ಣ. ಹೋನಿಂಗ್ ಕಲ್ಲಿನ ಪುಡಿ ಅದು. ಡೀಸಲಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ, ಗೆರೆಗಳಲ್ಲಿ ಕೂತು ಹೊಸ ರಿಂಗನ್ನೇ ತಿನ್ನುತ್ತದೆ. ಆರನೇ ಸಲಕ್ಕೆ ಬಟ್ಟೆ ಬಿಳಿಯಾಗಿಯೇ ಹೊರಗೆ ಬಂತು. ಆಗ ತುಕ್ಕು ಹಿಡಿಯದ ಹಾಗೆ ಕೂಡಲೇ ಆಯಿಲ್ ಸವರಿದೆವು.

ಕ್ರ್ಯಾಂಕ್ ಟೆನ್ ಇದ್ದದ್ದನ್ನು ಟ್ವೆಂಟಿಗೆ ಇಳಿಸಿದರು. ಕೂರಿಸುವಾಗ ಮಿಸ್ತ್ರಿ ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಒಂದೊಂದು ಮೈನ್ ಕ್ಯಾಪನ್ನೂ ಟಾರ್ಕ್ ರೆಂಚಿನಿಂದ ಬಿಗಿದು, ಪ್ರತಿ ಸಲ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿದ. ಮೂರನೇ ಕ್ಯಾಪಿಗೆ ಬಿಗಿಯಾಯಿತು. ಬಿಚ್ಚಿದರೆ ಬೇರಿಂಗಿನ ಹಿಂದೆ ಹತ್ತಿಯ ಒಂದು ಎಳೆ.

ಒಟ್ಟು ಬಿದ್ದದ್ದು 71,600. ಅದರಲ್ಲಿ ಲೈನರ್-ಪಿಸ್ಟನ್ ಸೆಟ್ 21,500, ಮಿಸ್ತ್ರಿ ಕೂಲಿ 11,000, ಪಂಪು-ನಾಝಲ್ 9,700. ಈ ಕಡೆಯದನ್ನು ಮುಂದಕ್ಕೆ ಹಾಕೋಣ ಅಂತ ತಮ್ಮ ಹಟ ಹಿಡಿದಿದ್ದ, ನಾನು ಬಿಡಲಿಲ್ಲ. ತೊಟ್ಟಿಕ್ಕುವ ನಾಝಲ್ ಹಸಿ ಡೀಸಲನ್ನು ಬೋರಿನ ಗೋಡೆಗೆ ಬಿಡುತ್ತದೆ, ಆಯಿಲ್ ತೊಳೆದುಹೋಗುತ್ತದೆ, ಹೊಸ ಬೋರ್ ಆರು ತಿಂಗಳಲ್ಲಿ ಹಳೇದಾಗುತ್ತದೆ. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪೂ ಅಷ್ಟೇ ಮುಖ್ಯ. ತಮ್ಮನ ಗಾಡಿಯಲ್ಲಿ ಅದು ಕ್ಲಾಂಪಿನ ಅಡಿಯಲ್ಲಿ ಸೀಳಿತ್ತು. ನವಲಗುಂದ, ಅಣ್ಣಿಗೇರಿ ಕಡೆಯ ಹೊಲದ ಧೂಳೆಲ್ಲ ಆ ಸೀಳಿನಿಂದ ನೇರ ಬೋರಿಗೆ ಹೋಗಿತ್ತು. ಎಂಜಿನ್ ಸುಸ್ತಾದದ್ದಕ್ಕೆ ಅಸಲು ಕಾರಣ ಅದೇ.

ಉಳಿತಾಯ ಮಾಡಿದ್ದೂ ಉಂಟು. ಇಳಿಸುವುದು, ತೊಳೆಯುವುದು, ಲೇತಿಗೆ ಒಯ್ಯುವುದು ಎಲ್ಲ ಅಣ್ಣ-ತಮ್ಮ ನಾವೇ ಮಾಡಿದೆವು. ಫ್ಲೈವೀಲ್, ರಾಕರ್, ಟೈಮಿಂಗ್ ಗೇರ್ ನೋಡಿ ಹಳೇವನ್ನೇ ಉಳಿಸಿದೆವು. ಆಯಿಲ್ ಪಂಪ್ ಮಾತ್ರ ಹೊಸದು, 2,400.

ಈಗ ಆ ಗಾಡಿ 1,10,000 ಕಿ.ಮೀ. ಓಡಿದೆ. ಆಯಿಲ್ ಬದಲಿಸುವ ನಡುವೆ ಅರ್ಧ ಲೀಟರ್ ಕೂಡ ಹಾಕುವುದಿಲ್ಲ. ಲೀಟರಿಗೆ ಏಳೂವರೆ ಕೊಡುತ್ತಿದ್ದದ್ದು ಹತ್ತೂವರೆ ಕೊಡುತ್ತಿದೆ. ಕಿಲೋಮೀಟರಿಗೆ ಹಂಚಿದರೆ ರಿಂಗ್ ಕೆಲಸ ನನಗೆ 1 ರೂಪಾಯಿ 21 ಪೈಸೆ ಬಿತ್ತು, ಹಾಫ್ ಎಂಜಿನ್ ಒಂದೂವರೆ ರೂಪಾಯಿ, ಪೂರ್ತಿ ಬೋರ್ ಇಲ್ಲಿಯ ತನಕ 65 ಪೈಸೆ. ಎರಡು ದಿನದಲ್ಲಿ ಗಾಡಿ ರೋಡಿಗೆ ಬರಲೇಬೇಕು ಅನ್ನುವವರಿಗೆ ಬಿಚ್ಚಿ ನೋಡಿದ ಹಾಫ್ ಎಂಜಿನ್ ಆಗಬಹುದು. ನಮ್ಮ ಗಾಡಿ ಬೋರ್ ಕೆಲಸಕ್ಕೆ ಹದಿಮೂರು ದಿನ ನಿಂತಿತ್ತು, ಅದನ್ನು ತಡೆದುಕೊಳ್ಳುವ ಶಕ್ತಿ ಬೇಕು.

ಕಟ್ಟಿದ ಮೇಲೆ ಒಂದು ಮಾತು. ಹೊಸ ಎಂಜಿನ್ನನ್ನು ಗಂಟೆಗಟ್ಟಲೆ ಸುಮ್ಮನೆ ಐಡಲ್‌ನಲ್ಲಿ ನಿಲ್ಲಿಸಬೇಡಿ, ರಿಂಗ್ ಕೂರುವುದಿಲ್ಲ. ಹಾಗಂತ ಪೂರ್ತಿ ಲೋಡೂ ಬೇಡ. ನಾವು ಮೊದಲ 2,000 ಕಿ.ಮೀ. ಅರ್ಧ ಲೋಡ್ ಮೆಣಸಿನಕಾಯಿ ಹಾಕಿ ಹಾವೇರಿ ರೋಡಿನಲ್ಲೇ ಓಡಿಸಿದೆವು, 500 ಕಿ.ಮೀ. ಆದಾಗ ಒಂದು ಸಲ ಆಯಿಲ್ ಬದಲಿಸಿದೆವು.

ಹಳೇ ಗಾಡಿಗೆ ಬೇರೆ ಕ್ರ್ಯಾಂಕ್ ಹಾಕಿ ಸದ್ಯ ಅಮರಗೋಳ ಎಪಿಎಂಸಿ ಸುತ್ತಮುತ್ತ ಓಡಿಸುತ್ತಿದ್ದೇವೆ. ಅದರ ಸ್ವಂತ ಬ್ಲಾಕನ್ನು ನಾನು ಗುಜರಿಗೆ ಹಾಕಿರಲಿಲ್ಲ, ಹಿತ್ತಲಲ್ಲಿ ತಾಡಪತ್ರಿ ಹೊದಿಸಿ ಇಟ್ಟಿದ್ದೆ. ಹೋದ ವಾರ ಅದನ್ನು ಲೇತಿನ ಕಾಕಾನ ಹತ್ತಿರ ಒಯ್ದೆ. ಈ ಸಲ ಪಿಸ್ಟನ್ ಡಬ್ಬಿ ನನ್ನ ಕಂಕುಳಲ್ಲೇ ಇತ್ತು.