ಲ್ಯಾಫಿ ಡೆಸ್ಟ್ರಾಯರ್: ದೊಡ್ಡ ಹಡಗು ನೋಡಿ ಹಾಗೇ ಹೊರಟುಬಿಡಬೇಡಿ

ಅಮೆರಿಕದ ಸೌತ್ ಕ್ಯಾರೊಲಿನಾದ ನೌಕಾ ಮ್ಯೂಸಿಯಂ ಪೇಟ್ರಿಯಟ್ಸ್ ಪಾಯಿಂಟ್‌ನಲ್ಲಿ ಯಾರ್ಕ್‌ಟೌನ್ ವಿಮಾನವಾಹಕ ಹಡಗು ಸುತ್ತುವಷ್ಟರಲ್ಲೇ ಸುಸ್ತಾಗುತ್ತದೆ. ಆದರೂ ಅಲ್ಲೇ ಇರುವ ಲ್ಯಾಫಿ ಅನ್ನೋ ಡೆಸ್ಟ್ರಾಯರ್ (ಚಿಕ್ಕ, ವೇಗದ ಯುದ್ಧನೌಕೆ) ಹತ್ತದೆ ಬರಬೇಡಿ. ನನಗಂತೂ ಇದೇ ಜಾಸ್ತಿ ಇಷ್ಟವಾಯಿತು. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿತ್ತು, ಆಮೇಲೆ ಪೆಸಿಫಿಕ್‌ಗೆ ಹೋಯಿತು. ಅಸಲಿ ಕಥೆ 1945ರ ಏಪ್ರಿಲ್ 16ರದ್ದು. ಒಕಿನಾವಾ ದ್ವೀಪದ ಬಳಿ ಜಪಾನಿನ ಸುಮಾರು 22 ವಿಮಾನಗಳು ಒಂದರ ಹಿಂದೊಂದು ಎರಗಿದವು, ಆರು ಕಾಮಿಕಾಜೆ (ಆತ್ಮಾಹುತಿ) ವಿಮಾನಗಳು ಬಂದು ಅಪ್ಪಳಿಸಿದವು, ನಾಲ್ಕು ಬಾಂಬ್ ಬಿದ್ದವು, 32 ಜನ ಸತ್ತರು, ಆದರೂ ಕಮಾಂಡರ್ ಬೆಕ್ಟನ್ ಹಡಗು ಬಿಡಲು ಒಪ್ಪಲಿಲ್ಲ, ಅದೂ ಮುಳುಗಲಿಲ್ಲ! ಹಿಂಭಾಗದ ಫಿರಂಗಿ ಹತ್ತಿರ ಇದೆಲ್ಲ ನೆನಪಾಗಿ ಸುಮ್ನೆ ನಿಂತುಬಿಟ್ಟೆ. ಏಣಿಗಳು ತುಂಬಾ ಕಡಿದಾಗಿವೆ, ಒಳಗೆಲ್ಲ ಇಕ್ಕಟ್ಟು. ಡೆಸ್ಟ್ರಾಯರ್ ಅಂದಮೇಲೆ ಅಷ್ಟೇ ಅಲ್ವಾ? ಒಳ್ಳೆ ಶೂ ಹಾಕಿಕೊಂಡು ಹೋಗಿ.