ರೆಪ್ಟಿಸನ್ 10.0 ಟಿ5 ಎಚ್‌ಒ ಟ್ಯೂಬು: ಇಗ್ವಾನಾ ಪಳಗಿಸುವವರು ಮೊದಲು ಕೊಳ್ಳಬೇಕಾದ ವಸ್ತು

ಹಸಿರು ಇಗ್ವಾನಾ ಎಂಬ ದೊಡ್ಡ ಹಲ್ಲಿಜಾತಿಯ ಪ್ರಾಣಿಯನ್ನು ಸಾಕುವವರ ದೊಡ್ಡ ದೂರು ಒಂದೇ: ಕೈ ಹತ್ತಿರ ಹೋದರೆ ಬಾಲದಲ್ಲಿ ಬಾರಿಸುತ್ತದೆ, ಹಿಡಿದರೆ ಕಚ್ಚುತ್ತದೆ. ಪಳಗಿಸುವ ಉಪಾಯ ಹುಡುಕುವ ಮೊದಲು ಗೂಡಿನ ಮೇಲೆ ಯಾವ ದೀಪ ಉರಿಯುತ್ತಿದೆ ನೋಡಿ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣ ಬೀಳದಿದ್ದರೆ ಇಗ್ವಾನಾದ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ. ಡಿ3 ಇಲ್ಲದೆ, ತಿಂದ ಸೊಪ್ಪಿನ ಕ್ಯಾಲ್ಸಿಯಂ ಮೂಳೆಗೆ ಸೇರುವುದಿಲ್ಲ. ದವಡೆ ಮೆತ್ತಗಾಗಿ, ಹಿಂಗಾಲು ಸೋತು, ಬೆರಳು ಅದುರುವ ಪ್ರಾಣಿಯನ್ನು ಎತ್ತಿದಾಗಲೆಲ್ಲ ಅದಕ್ಕೆ ನೋವಾಗುತ್ತದೆ. ನೋವು ಕೊಡುವ ಕೈಯನ್ನು ಅದು ಹೇಗೆ ನಂಬೀತು? ಝೂ ಮೆಡ್ ಕಂಪನಿಯ ರೆಪ್ಟಿಸನ್ ಎಂಬ ಈ ಯುವಿಬಿ ಟ್ಯೂಬನ್ನು (ಟಿ5 ಎಂದರೆ ತೆಳು ಟ್ಯೂಬು, ಎಚ್‌ಒ ಎಂದರೆ ಹೆಚ್ಚು ಬೆಳಕು ಕೊಡುವುದು) ಇಲ್ಲಿ ಅಳೆದಿರುವುದು ಆ ಲೆಕ್ಕದಲ್ಲಿ.

ಇದು 22 ಇಂಚಿಗೆ 24 ವ್ಯಾಟ್, 34 ಇಂಚಿಗೆ 39 ವ್ಯಾಟ್, 46 ಇಂಚಿಗೆ 54 ವ್ಯಾಟ್‌ನಲ್ಲಿ ಸಿಗುತ್ತದೆ. ಸುರುಳಿ ಆಕಾರದ ಚಿಕ್ಕ ಯುವಿಬಿ ಬಲ್ಬಿಗಿಂತ ಇದು ಎಷ್ಟೋ ಮೇಲು. ಸುರುಳಿ ಬಲ್ಬಿನ ಕಿರಣ ಅಂಗೈ ಅಗಲದ ಜಾಗಕ್ಕೆ ಬಿದ್ದು ಮುಗಿಯುತ್ತದೆ. ಕೊಂಬೆಯ ಮೇಲೆ ಉದ್ದಕ್ಕೆ ಮಲಗುವ ಇಗ್ವಾನಾಗೆ ತಲೆಯಿಂದ ಸೊಂಟದವರೆಗೆ ಒಂದೇ ಸಮ ಕಿರಣ ಬೇಕು. ಅದನ್ನು ಕೊಡುವುದು ಉದ್ದನೆಯ ಟ್ಯೂಬೇ. ಮರಿಗೆ 22 ಇಂಚು ಸಾಕು. ಬೆಳೆದ ಗಂಡು ಬಾಲ ಸೇರಿ ಐದು ಅಡಿ ದಾಟುತ್ತದೆ, ಅದಕ್ಕೆ 46 ಇಂಚಿಗಿಂತ ಕಡಿಮೆಯದು ತರಬೇಡಿ.

ನಮ್ಮಲ್ಲಿ ಎಡವಟ್ಟಾಗುವುದು ಚೋಕಿನಲ್ಲಿ. 22 ಇಂಚಿನ ಈ ಟ್ಯೂಬು ಮನೆಯ ಹಳೆಯ 14 ವ್ಯಾಟ್ ಟಿ5 ಪಟ್ಟಿಗೂ ಸಲೀಸಾಗಿ ಕೂರುತ್ತದೆ. ಉದ್ದವೂ ಅದೇ, ತುದಿಯ ಪಿನ್ನೂ ಅದೇ. ದೀಪವೂ ಹತ್ತುತ್ತದೆ. ಆದರೆ 24 ವ್ಯಾಟ್ ಬೇಕಾದ ಟ್ಯೂಬಿಗೆ 14 ವ್ಯಾಟಿನ ಚೋಕು ಕರೆಂಟು ಸಾಲದಂತೆ ಕೊಡುವುದರಿಂದ ಯುವಿಬಿ ಕುಸಿಯುತ್ತದೆ, ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಈಗ ಅಂಗಡಿಯಲ್ಲಿ ಟಿ5 ಎಂದು ಕೊಡುವ ಪಟ್ಟಿಗಳು ಬಹುಪಾಲು ಎಲ್‌ಇಡಿ, ಅವು ಇದಕ್ಕೆ ಬರುವುದೇ ಇಲ್ಲ. ಅಮೆರಿಕದಿಂದ ನೆಂಟರ ಕೈಲಿ ತರಿಸುವವರು ಇನ್ನೊಂದು ಗಮನಿಸಿ: ಅಲ್ಲಿನ ಫಿಟ್ಟಿಂಗ್ 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ. ಟ್ಯೂಬು ಮಾತ್ರ ತರಿಸಿ. ನಿಮ್ಮ ಟ್ಯೂಬಿನಷ್ಟೇ ವ್ಯಾಟಿನ (22 ಇಂಚಿನದಾದರೆ 24 ವ್ಯಾಟ್) ಟಿ5 ಎಚ್‌ಒ ಎಂದೇ ಬರೆದಿರುವ 230 ವೋಲ್ಟಿನ ಎಲೆಕ್ಟ್ರಾನಿಕ್ ಚೋಕನ್ನು ಇಲ್ಲೇ ಕೊಂಡು, ಹೊಳೆಯುವ ರಿಫ್ಲೆಕ್ಟರ್ ಇರುವ ಪಟ್ಟಿಯಲ್ಲಿ ಕೂರಿಸಿ.

ತೂಗುಹಾಕುವ ಎತ್ತರವನ್ನು ಕೊಂಬೆಯಿಂದ ಅಳೆಯಬೇಡಿ, ಅದರ ಮೇಲೆ ಮಲಗಿದ ಇಗ್ವಾನಾದ ಬೆನ್ನಿನಿಂದ ಅಳೆಯಿರಿ. ನಡುವೆ ಜಾಲರಿ ಇಲ್ಲದಿದ್ದರೆ 15ರಿಂದ 18 ಇಂಚು. ಜಾಲರಿ ಕಿರಣದ ಮೂರನೇ ಒಂದು ಭಾಗದಷ್ಟನ್ನು ನುಂಗುವುದರಿಂದ, ಅದಿದ್ದರೆ ಸುಮಾರು 12 ಇಂಚು. ಗಾಜು, ಅಕ್ರಿಲಿಕ್ ಹಾಳೆ ಅಡ್ಡ ಬಂದರೆ ಏನೂ ಉಳಿಯುವುದಿಲ್ಲ. ಕಿಟಕಿ ಗಾಜಿನಿಂದ ಬರುವ ಬಿಸಿಲನ್ನು ನಂಬಿ ಕೂತವರು ಮೋಸ ಹೋಗುವುದು ಇಲ್ಲೇ. ಕಿರಣ ಅಳೆಯುವ ಮೀಟರ್ ಸಿಕ್ಕರೆ ಬೆನ್ನಿನ ಮಟ್ಟದಲ್ಲಿ ಯುವಿ ಇಂಡೆಕ್ಸ್ (ಕಿರಣದ ತೀವ್ರತೆಯ ಅಳತೆ) 3ರಿಂದ 4 ಇರಲಿ. ಟ್ಯೂಬು ನೆತ್ತಿಯ ಮೇಲಿಂದ ಬೀಳಬೇಕು, ಪಕ್ಕದಿಂದ ಬೇಡ. ತೀರಾ ಹತ್ತಿರ ಕಟ್ಟಿದರೆ ಕಣ್ಣು ಉರಿದು ದಿನವಿಡೀ ಮುಚ್ಚಿಕೊಂಡೇ ಇರುತ್ತದೆ, ನೋಡಿದವರು ಹೆದರಿಕೆ ಎಂದುಕೊಳ್ಳುತ್ತಾರೆ.

ಟ್ಯೂಬಿನಲ್ಲಿ ಶಾಖ ಇಲ್ಲ. ಪಕ್ಕದಲ್ಲೇ ಒಂದು ಬಿಸಿ ಬಲ್ಬು ಇಟ್ಟು ಮಲಗುವ ಜಾಗಕ್ಕೆ 35ರಿಂದ 38 ಡಿಗ್ರಿ ಬರಿಸಿ, ಗೂಡಿನ ಉಳಿದ ಭಾಗ 27ರಿಂದ 30 ಡಿಗ್ರಿ ಇರಲಿ. ಟೈಮರಿನಲ್ಲಿ ಎರಡನ್ನೂ ಹನ್ನೆರಡು ಗಂಟೆ ಉರಿಸಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಬೆಳಕು ಬೀರದ ಸೆರಾಮಿಕ್ ಹೀಟರ್ ಬೇರೆಯೇ ಬೇಕು. ತಣ್ಣಗಿರುವ ಇಗ್ವಾನಾ ಕೈಯಲ್ಲಿ ಸುಮ್ಮನೆ ಮಲಗಿದರೆ ಪಳಗಿತೆಂದು ಸಂತೋಷಪಡಬೇಡಿ. ಅದಕ್ಕೆ ಓಡುವ ಶಕ್ತಿ ಇಲ್ಲ, ಅಷ್ಟೇ.

ದೀಪ ಸರಿಯಾದ ಮೇಲೆ ಕೈಯ ಕೆಲಸ. ಹೊಸದಾಗಿ ಬಂದದ್ದನ್ನು ಎರಡು ವಾರ ಮುಟ್ಟದೆ ಬಿಡಿ, ದಿನಾ ಒಂದೇ ಹೊತ್ತಿಗೆ ಗೂಡಿನ ಪಕ್ಕ ಕೂತು ಓದಿಕೊಳ್ಳಿ. ಆಮೇಲೂ ದೀಪ ಹತ್ತಿ ಒಂದೆರಡು ಗಂಟೆ ಮೈ ಕಾಯಿಸಿಕೊಂಡ ನಂತರವೇ ಕೈ ಚಾಚಬೇಕು. ಮೇಲಿನಿಂದ ಕೈ ಇಳಿಸಲೇಬೇಡಿ: ಅದರ ನೆತ್ತಿಯ ಮೇಲೊಂದು ಮಸುಕಾದ ಬಿಲ್ಲೆಯಂಥ ಹುರುಪೆ ಇದೆ, ಅದು ನೆರಳನ್ನು ಗುರುತಿಸುವ ಮೂರನೇ ಕಣ್ಣು. ಮೇಲಿಂದ ಬರುವ ನೆರಳೆಂದರೆ ಅದಕ್ಕೆ ಹದ್ದು. ಪಕ್ಕದಿಂದ, ಅದರ ಕಣ್ಣಿನ ಮಟ್ಟದಲ್ಲಿ, ಕೆಂಪು ದಾಸವಾಳದ ಹೂವೊಂದನ್ನು ಹಿಡಿದು ಕಾಯಿರಿ. ಗುಲಾಬಿ ನಾಲಿಗೆಯ ತುದಿ ಮೊದಲು ನಿಮ್ಮ ಬೆರಳಿಗೆ ತಾಗುತ್ತದೆ, ಆಮೇಲೆ ಹೂವಿಗೆ. ಬೆರಳಿನ ವಾಸನೆಯನ್ನು ಅದು ಗುರುತು ಹಾಕಿಕೊಳ್ಳುತ್ತಿದೆ. ಆ ಹೊತ್ತಿನಲ್ಲಿ ಅಲುಗಬೇಡಿ.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಬುಡಕ್ಕೆ. ಬಾಲ ಹಿಡಿದರೆ ಕಳಚಿ ಕೈಗೆ ಬರಬಹುದು. ಮೊದಲ ದಿನಗಳಲ್ಲಿ ಐದು ನಿಮಿಷ ಸಾಕು. ಒದ್ದಾಡುತ್ತಿರುವಾಗಲೇ ಗೂಡಿಗೆ ಬಿಟ್ಟರೆ ಒದ್ದಾಡಿದರೆ ಬಿಡುಗಡೆ ಎಂದು ಕಲಿಯುತ್ತದೆ, ಒಂದು ಕ್ಷಣ ಶಾಂತವಾಗುವವರೆಗೆ ಕಾದು ಬಿಡಿ. ಗಂಟಲ ಜೋಲು ಬಿಚ್ಚಿ, ಮೈ ಚಪ್ಪಟೆ ಮಾಡಿ, ಬಾಲ ಸುತ್ತಿ ನಿಂತರೆ ಅಂದಿಗೆ ಸಾಕು. ನಿಮ್ಮ ಕಡೆಯ ಒಂದೇ ಕಣ್ಣು ಮುಚ್ಚಿಕೊಂಡಿದ್ದರೆ ಅದು ಪ್ರೀತಿಯಲ್ಲ, ನೀವು ಹೋಗಲಿ ಎಂದು ಕಾಯುತ್ತಿದೆ. ಪ್ರತಿ ಸಲ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇವುಗಳಲ್ಲಿ ಸಾಮಾನ್ಯ.

ಟ್ಯೂಬಿನೊಂದಿಗೆ ನುಗ್ಗೆಸೊಪ್ಪು, ದಾಸವಾಳದ ಎಲೆಯೂ ಇರಲಿ. ಪಾಲಕ್ ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಕಟ್ಟಿಹಾಕಿ ಟ್ಯೂಬಿನ ಶ್ರಮವನ್ನೆಲ್ಲ ವ್ಯರ್ಥ ಮಾಡುತ್ತದೆ. ಹಸಿರು ಇಗ್ವಾನಾ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿಯಾದ್ದರಿಂದ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿಯೂ ಆಗಬೇಕು.

ಈ ಟ್ಯೂಬಿನ ದೊಡ್ಡ ಕೊರತೆ ಖರ್ಚು. ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಬಿಳಿ ಬೆಳಕು ಚೆನ್ನಾಗಿ ಉರಿಯುತ್ತಿದ್ದರೂ ಯುವಿಬಿ ಅಷ್ಟರಲ್ಲಿ ಇಳಿದಿರುತ್ತದೆ. ಹಾಕಿದ ದಿನವೇ ತುದಿಯ ಲೋಹದ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದುಬಿಡಿ.